ನಮ್ಮ ಮಾವನ ಶಾಲಾ ಸಪ್ತಾಹ

ನಾನು ಓದು ನಿಲ್ಲಿಸಿದ್ದು ತೊಂಬತ್ತೆಂಟನೇ ಇಸವಿಯಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ನಮ್ಮ ಸೋದರಮಾವ ಮಾತ್ರ ಇವತ್ತಿಗೂ ಸ್ಕೂಲು ಬಿಟ್ಟಿಲ್ಲ! ಅವನು ಯಾವತ್ತೂ ಸ್ಕೂಲಿಗೆ ಸೇರಿರಲೇ ಇಲ್ಲ ಅನ್ನುವುದು ಬೇರೆ ಮಾತು. ಸೇರಿದವರು ತಾನೇ ಬಿಡೋದು? ಸೇರದೇ ಇದ್ದವನನ್ನು ಯಾವ ಹೆಡ್‌ಮೇಷ್ಟ್ರು ತಾನೇ ಹೊರಗೆ ಹಾಕಿಯಾರು?

ಮಾವ ಅಂದರೆ ನಮ್ಮಮ್ಮನ ತಮ್ಮ. ಎಪ್ಪತ್ತು ದಾಟಿದೆ, ಮದುವೆ ಆಗಲಿಲ್ಲ. ನಮ್ಮ ಮನೆಯಲ್ಲೇ ಇದ್ದಾನೆ. ಸರಿಯಾಗಿ ಹೇಳಬೇಕೆಂದರೆ, ಅವನಿರುವ ಮನೆಯಲ್ಲಿ ನಾವಿದ್ದೇವೆ. ಅಪ್ಪ ಹಾಸಿಗೆ ಹಿಡಿದು ನಾನು ಪುಸ್ತಕ ಕಟ್ಟಿಟ್ಟ ಆ ವರ್ಷ, ದಬ್ಬೇಘಟ್ಟದಿಂದ ಒಂದು ಟ್ರಂಕು ಹೊತ್ತುಕೊಂಡು ಬಂದು, ‘ಎಂಟು ದಿನ ಇದ್ದು ಹೋಯ್ತೀನಿ ಕಣಕ್ಕ’ ಅಂದವನು. ಅಪ್ಪನೂ ಹೋದ, ಅಮ್ಮನೂ ಹೋದಳು, ಆ ಎಂಟು ದಿನ ಮಾತ್ರ ಇನ್ನೂ ಮುಗಿದಿಲ್ಲ.

ನಮ್ಮದು ಕೊಬ್ಬರಿ ಕೆಲಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಅವಸರದವರ ಕಸುಬಲ್ಲ. ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಹತ್ತಿರ ಸುಮ್ಮನಿರಬೇಕು. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಗುತ್ತದೆ, ಅಂದರೆ ಉಂಡೆ ಕೊಬ್ಬರಿ. ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ‘ಬಳಕ್ ಬಳಕ್’ ಅಂದರೆ ಇನ್ನೂ ನೀರಿದೆ, ಬಿಡಿ. ‘ಲೊಟ ಲೊಟ’ ಅಂದರೆ ಆಗಿದೆ, ಇಳಿಸಿ. ಇದನ್ನು ನನಗೆ ಕಲಿಸಿದ್ದು ಮಾವನೇ. ಸ್ಕೂಲು ಬಿಟ್ಟು ಅಳುಮೋರೆ ಮಾಡಿಕೊಂಡು ನಿಂತಿದ್ದವನ ಕಿವಿಗೆ ಒಂದು ಕಾಯಿ ಒತ್ತಿ ಹಿಡಿದು, ‘ನೀನು ಮಾತಾಡಬ್ಯಾಡ ಅಳಿಯ, ಅದು ಮಾತಾಡ್ಲಿ’ ಅಂದಿದ್ದ. ಅವತ್ತಿಂದ ಇವತ್ತಿನವರೆಗೆ ನನ್ನ ಅಟ್ಟದ ಕೊಬ್ಬರಿಗೆ ತಿಪಟೂರು ಮಾರ್ಕೆಟ್ಟಿನಲ್ಲಿ ಯಾರೂ ಹೆಸರಿಟ್ಟಿಲ್ಲ. ಇದು ಜಂಬವಲ್ಲ, ಇದ್ದರೂ ಸ್ವಲ್ಪವೇ.

ತೊಂದರೆ ಏನೆಂದರೆ, ಮಾವ ತೆಂಗಿನಕಾಯಿಗೇ ನಿಲ್ಲಿಸಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ! ಮೊಬೈಲ್ ಕೊಳ್ಳಲು ಹೋದಾಗ ಅಂಗಡಿಯಲ್ಲಿದ್ದ ಒಂದೊಂದನ್ನೂ ಅಲ್ಲಾಡಿಸಿ, ‘ಯಾವುದರಲ್ಲೂ ಏನೂ ಇಲ್ವಲ್ಲಪ್ಪ’ ಅಂದ. ಗ್ಯಾಸ್ ಸಿಲಿಂಡರ್ ಎತ್ತಲಾಗದೆ ತಾನೇ ಅದರ ಪಕ್ಕ ಮಲಗಿ ಕಿವಿ ಕೊಟ್ಟ. ನನಗೆ ಹೆಣ್ಣು ನೋಡಲು ಹೊನ್ನವಳ್ಳಿಗೆ ಹೋದಾಗ, ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವನು ತಾಂಬೂಲದ ತಟ್ಟೆಯ ಕಾಯಿ ಎತ್ತಿ ಅಲ್ಲಾಡಿಸಿ, ‘ಒಳ್ಳೇ ಕಾಯಿ. ಮೋಸದ ಜನ ಅಲ್ಲ, ಒಪ್ಕೊ’ ಅಂದ. ನಾನು ಒಪ್ಪಿದ್ದು ಕಾಯಿಯ ಸಾಕ್ಷಿಯ ಮೇಲೆ ಅಂತ ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವನ್ನು ಅವನ ಕೈಗೆ ಕೊಡುವಷ್ಟರಲ್ಲಿ ನಾನು ಓಡಿ ಹೋಗಿ ಕೂಗಿದೆ: ‘ಮಾವ! ಇದನ್ನ ಮಾತ್ರ ಅಲ್ಲಾಡಿಸಬ್ಯಾಡ!’

ಆ ಮಗಳು ಈಗ ಒಂಬತ್ತನೇ ಕ್ಲಾಸು. ಮಠದ ಟ್ರಸ್ಟಿನವರು ನಡೆಸುವ ಹೈಸ್ಕೂಲು, ಮಾಯಸಂದ್ರದ ರಸ್ತೆಯಲ್ಲಿದೆ. ಬೆಳಿಗ್ಗೆ ಪ್ರಾರ್ಥನೆ, ಶಿಸ್ತು, ಎಲ್ಲ ಚೆನ್ನಾಗಿದೆ. ಅಲ್ಲಿ ವರ್ಷಕ್ಕೊಂದು ಸಲ ವಿದ್ಯಾರ್ಥಿ ಚಟುವಟಿಕೆಗಳ ಸಪ್ತಾಹ. ಸೋಮವಾರದಿಂದ ಶನಿವಾರದವರೆಗೆ ಪಾಠ ಇಲ್ಲ. ಹಾಡು, ಆಟ, ಮಾದರಿ, ಚರ್ಚೆ, ಭಾಷಣ. ‘ಪೋಷಕರಿಗೂ ಸ್ವಾಗತ’ ಅಂತ ಹೇಳಿ ಕಳಿಸುತ್ತಾರೆ. ಹಾಗೆ ಹೇಳಿದರೆ ಯಾರಾದರೂ ನಿಜವಾಗಿ ಹೋಗುತ್ತಾರಾ? ನಮ್ಮ ಮಾವ ಹೋಗುತ್ತಾನೆ. ಆರೂ ದಿನ! ಬಿಳಿ ಪಂಚೆ, ಇಸ್ತ್ರಿ ಮಾಡಿದ ಟವಲ್ಲು. ಹೋಗಿ ಕೂರುವುದು ಎಲ್ಲಿ? ಮುಖ್ಯ ಅತಿಥಿಗಳಿಗೆ ಹಾಕಿದ ಮೊದಲ ಸಾಲಿನಲ್ಲಿ, ಸರಿಯಾಗಿ ನಡುವೆ.

ಈ ವರ್ಷದ ಸಪ್ತಾಹದಲ್ಲಿ ನಮ್ಮ ಮನೆಯದೇ ಒಂದು ಚಿಂತೆ ಇತ್ತು. ಹೋದ ವರ್ಷ ಭಾಷಣದ ದಿನ ಮಗಳು ವೇದಿಕೆ ಹತ್ತಿ, ಎರಡು ವಾಕ್ಯ ಹೇಳಿ, ನಿಂತುಬಿಟ್ಟಿದ್ದಳು. ಮಾತೇ ಬರಲಿಲ್ಲ. ಅಳುತ್ತಾ ಇಳಿದು ಓಡಿದಳು. ಆಮೇಲೆ ಎಷ್ಟೋ ದಿನ ಬಸ್ಸಿನಲ್ಲಿ ಹುಡುಗರು ಅವಳನ್ನು ಕಂಡರೆ ಬಾಯಿ ತೆರೆದು ಸುಮ್ಮನೆ ನಿಲ್ಲುವುದು, ನಗುವುದು. ಈ ವರ್ಷ ಕನ್ನಡ ಮಿಸ್ಸು ಬಿಡದೆ ಮತ್ತೆ ಹೆಸರು ಕೊಡಿಸಿದ್ದರು. ಶನಿವಾರ ಭಾಷಣ. ‘ಈ ಸಲವೂ ನಿಂತುಹೋದ್ರೆ ನಾನು ಸ್ಕೂಲಿಗೇ ಹೋಗಲ್ಲಪ್ಪ’ ಅಂದಳು ಮಗಳು. ಒಂಬತ್ತನೇ ಕ್ಲಾಸು! ಆ ಮಾತು ಯಾವ ಮನೆಯಲ್ಲಿ ಬೇಕಾದರೂ ಸಲೀಸಾಗಿ ಕೇಳಿಸಬಹುದು, ನನ್ನ ಮನೆಯಲ್ಲಿ ಕೇಳಿಸಬಾರದು.

ಇತ್ತ ಮಾವನ ಸಪ್ತಾಹ ಶುರುವಾಯಿತು. ಸೋಮವಾರ ಗಾಯನ. ಹುಡುಗಿಯೊಬ್ಬಳು ಹಾಡುತ್ತಾ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ಬಾಯಿ ಮುಚ್ಚಿದಳೋ ಇಲ್ಲವೋ, ಇವನು ಜೋರಾಗಿ ಚಪ್ಪಾಳೆ! ಮತ್ತೆ ಹಾಡಿದಳು, ಮತ್ತೆ ಬಾಯಿ ಮುಚ್ಚಿದಳು, ಮತ್ತೆ ಚಪ್ಪಾಳೆ. ಒಂದು ಹಾಡಿಗೆ ಏಳೆಂಟು ಸಲ! ತೀರ್ಪುಗಾರರು ತಿರುಗಿ ನೋಡಿದರೆ, ‘ಒಳ್ಳೇ ಹುಡುಗಿ, ಆದ್ರೆ ಇನ್ನೂ ವಸಿ ನೀರೈತೆ’ ಅಂತ ತನ್ನ ತೀರ್ಪನ್ನೂ ಕೊಟ್ಟ.

ಮಂಗಳವಾರ ವಿಜ್ಞಾನದ ಮಾದರಿಗಳು. ಎಂಟನೇ ಕ್ಲಾಸಿನವರು ಮಣ್ಣಿನಲ್ಲಿ ಜ್ವಾಲಾಮುಖಿ ಮಾಡಿ, ಹೊಟ್ಟೆಯೊಳಗೆ ಸೋಡಾ, ವಿನಿಗರ್ ಎಲ್ಲ ಬೇರೆ ಬೇರೆಯಾಗಿ ಜೋಪಾನ ಮಾಡಿಟ್ಟಿದ್ದರು. ಹೆಡ್‌ಮೇಷ್ಟ್ರು ಬಂದ ಮೇಲೆ ಸ್ಫೋಟ ಅಂತ ಏರ್ಪಾಡು. ಮಾವ ಅವರಿಗಿಂತ ಮುಂಚೆ ಹೋದ. ಮುಂದೆ ಏನಾಯಿತು ಅಂತ ನಾನು ಹೇಳಬೇಕೆ? ಎತ್ತಿ ಕಿವಿಗೆ ಹಿಡಿದ! ಕೆಂಪು ನೊರೆ ಕಿವಿ, ಕತ್ತು, ಇಸ್ತ್ರಿ ಟವಲ್ಲು ಎಲ್ಲದರ ಮೇಲೂ ಇಳಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾವ ಮುಖ ಒರೆಸಿಕೊಂಡು, ‘ಇದು ಆಗೈತೆ ಕಣ್ರಪ್ಪ, ಇಳಿಸಬಹುದು’ ಅಂದ. ಅವರಿಗೇ ಮೊದಲ ಬಹುಮಾನ ಬಂತು. ‘ಸ್ಫೋಟ ಬಹಳ ಸಹಜವಾಗಿತ್ತು’ ಅಂದರಂತೆ ಹೆಡ್‌ಮೇಷ್ಟ್ರು.

ಬುಧವಾರ ಓಟದಲ್ಲಿ ಗೆರೆಯ ಪಕ್ಕದಲ್ಲಿ ತಾನೂ ಓಡಿದ. ಗುರುವಾರ ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಅವತ್ತು ಚರ್ಚಾ ಸ್ಪರ್ಧೆಯಲ್ಲಿ ಏನಾಯಿತೋ ಗೊತ್ತಿಲ್ಲ. ಯಾರನ್ನು ಕೇಳಿದರೂ ನಗುತ್ತಾರೆಯೇ ಹೊರತು ಹೇಳುತ್ತಿಲ್ಲ.

ಅವತ್ತು ಸಾಯಂಕಾಲ ಮಗಳು ನನ್ನನ್ನು ಹಿತ್ತಲಿಗೆ ಕರೆದಳು.

‘ಅಪ್ಪಾ, ಶನಿವಾರ ತಾತ ಬರೋದು ಬೇಡ.’

‘ಯಾಕೆ ಪುಟ್ಟಿ?’

‘ತಾತನ್ನ ನೋಡಿ ಎಲ್ರೂ ನನ್ನ ಗಿಟುಕು ಅಂತಾರೆ. ತಾತ ಎದುರಿಗೇ ಕೂತ್ಕೊಂಡು ನನ್ನ ಮುಖಾನೇ ನೋಡ್ತಿದ್ರೆ, ನಡುವೆ ಚಪ್ಪಾಳೆ ಹೊಡೆದ್ರೆ, ನಂಗೆ ಎಲ್ಲ ಮರ್ತು ಹೋಗ್ತದೆ. ನೀನು ಹೇಳಪ್ಪ. ನಂಗೆ ಹೇಳಕ್ಕಾಗಲ್ಲ.’

ಹೇಳುವುದು ಹೇಗೆ? ಲೋಡು ಎತ್ತು ಅನ್ನಿ, ಎತ್ತುತ್ತೇನೆ. ಸುಳ್ಳು ಹೇಳು ಅಂದರೆ ಅಲ್ಲಿ ನಾನು ಒಂಬತ್ತನೇ ಕ್ಲಾಸಲ್ಲ, ಒಂದನೇ ಕ್ಲಾಸೂ ಪಾಸಿಲ್ಲ. ಆದರೂ ಶುಕ್ರವಾರ ಊಟಕ್ಕೆ ಎದುರು ಕೂತಾಗ ಶುರು ಮಾಡಿದೆ.

‘ಮಾವ, ನಾಳೆ ಅಟ್ಟದ ಕಾಯಿ ಇಳಿಸಬೇಕು. ಆಳು ಬತ್ತಾರೆ. ನೀನು ಮನೇಲಿದ್ರೆ ಚೆನ್ನಾಗಿತ್ತು.’

‘ಅಟ್ಟದ ಕಾಯಿಗೆ ಇನ್ನೂ ಎರಡು ತಿಂಗಳು ಬೇಕಲ್ಲೋ?’

‘ಒಂದಷ್ಟು ಆಗಿರಬಹುದು ಅಂತ...’

ಮಾವ ನನ್ನ ಬಾಯಿಯನ್ನೇ ನೋಡಿದ. ಆಮೇಲೆ ಅಡಿಗೆಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಮಗಳನ್ನು ನೋಡಿದ. ಮುದ್ದೆ ಮುರಿದು ಸಾರಿಗೆ ಅದ್ದಿಕೊಂಡು, ‘ಆಯ್ತು ಬುಡು. ಕಾಯಿ ಮುಖ್ಯ’ ಅಂದ.

ಶನಿವಾರ ನಾನೂ ನನ್ನ ಹೆಂಡತಿಯೂ ಹೋದೆವು. ಮೊದಲ ಸಾಲಿನ ನಡುವೆ ಒಂದು ಕುರ್ಚಿ ಖಾಲಿ. ಯಾರೂ ಕೂತಿರಲಿಲ್ಲ; ಅದು ಅವನದ್ದು ಅಂತ ಸ್ಕೂಲಿಗೇ ಅಭ್ಯಾಸವಾಗಿತ್ತು. ಹೆಡ್‌ಮೇಷ್ಟ್ರು ನನ್ನ ಹತ್ತಿರ ಬಗ್ಗಿ, ‘ಎಲ್ರೀ ನಿಮ್ಮ ಮಾವನವರು? ಹುಷಾರಾಗಿದ್ದಾರೆ ತಾನೇ?’ ಅಂದರು. ನಾನು ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಿಲ್ಲ.

ಮಗಳು ವೇದಿಕೆ ಹತ್ತಿದಳು. ‘ನಮ್ಮ ಊರಿನ ವಿಶೇಷ’ ಅಂತ ವಿಷಯ. ‘ವೇದಿಕೆಯ ಮೇಲಿರುವ ಗಣ್ಯರೇ...’ ಅಂದಳು. ಒಂದು ವಾಕ್ಯ ಹೇಳಿದಳು. ಎರಡನೆಯದು ಹೇಳಿದಳು. ನಿಂತಳು.

ನನ್ನ ಹೆಂಡತಿಯ ಉಗುರು ನನ್ನ ತೋಳಿನಲ್ಲಿ ಇಳಿಯಿತು. ಹಿಂದಿನ ಸಾಲಿನ ಯಾವನೋ ಹುಡುಗ ಕಿಸಕ್ಕನೆ ನಕ್ಕ. ಮಗಳು ಅತ್ತ ಇತ್ತ ನೋಡಿದಳು. ಕಣ್ಣು ಆ ಖಾಲಿ ಕುರ್ಚಿಗೆ ಬಂದು ಅಲ್ಲೇ ಉಳಿಯಿತು. ಇನ್ನೇನು ಇಳಿದು ಓಡುತ್ತಾಳೆ ಅಂತ ನಾನು ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಅವಳು ಮೈಕನ್ನು ಕಂಬದಿಂದ ಕಿತ್ತು, ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಲೊಟ ಲೊಟ ಅಲ್ಲಾಡಿಸಿದಳು! ಥೇಟು ಮಾವ!

ಇಡೀ ಸಭೆ ಭೋರೆಂದಿತು. ನಗು ತಗ್ಗುವವರೆಗೆ ಕಾದು, ‘ಮೈಕು ಸರಿಯಾಗೈತೆ’ ಅಂದಳು. ‘ನನ್ನಲ್ಲೇ ಇನ್ನೂ ವಸಿ ನೀರೈತೆ.’

ಆಮೇಲೆ ಕಾಗದ ಮಡಿಸಿ ಇಟ್ಟಳು. ಬರೆದುಕೊಂಡು ಬಂದಿದ್ದನ್ನು ಹೇಳಲೇ ಇಲ್ಲ. ತಾತನ ವಿಷಯ ಹೇಳಿದಳು. ಅಟ್ಟದ ಕಾಯನ್ನು ಅವಸರಪಟ್ಟು ಇಳಿಸಬಾರದು ಅಂತ, ನೀರಿರುವಾಗಲೇ ಒಡೆದರೆ ಅದು ಕಾಯಿಯೂ ಅಲ್ಲ ಕೊಬ್ಬರಿಯೂ ಅಲ್ಲ ಅಂತ, ‘ಹೋದ ವರ್ಷ ನಾನಿಲ್ಲಿ ನಿಂತುಹೋದಾಗ ಮನೇಲಿ ಬೈಯದೆ ಇದ್ದವರು ತಾತ ಒಬ್ರೇ, ಅವಳಿನ್ನೂ ಅಟ್ಟದ ಮೇಲವ್ಳೆ ಬುಡ್ರಿ ಅಂದ್ರು’ ಅಂತ. (ಬೈದವನು ನಾನು. ಸಭೆಯಲ್ಲಿ ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಇರಲಿ.)

ಸಮಾಧಾನಕರ ಬಹುಮಾನ ಬಂತು. ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ. ಮನೆಗೆ ಬರುವಾಗ ನಮ್ಮ ಲಗೇಜ್ ಆಟೋದಲ್ಲಿ ಅವರಮ್ಮ ಬಿಚ್ಚಲು ಹೋದರೆ ಕಿತ್ತುಕೊಂಡಳು. ‘ಬಿಚ್ಚಬೇಡಮ್ಮ! ತಾತ ಅಲ್ಲಾಡಿಸಿ ಹೇಳಲಿ.’

ಮಾವ ಅಟ್ಟದ ಕೆಳಗೆ ಕೂತಿದ್ದ. ಇಸ್ತ್ರಿ ಟವಲ್ಲು ಹೆಗಲ ಮೇಲೇ ಇತ್ತು. ಆಳೂ ಬಂದಿರಲಿಲ್ಲ, ಕಾಯೂ ಇಳಿದಿರಲಿಲ್ಲ. ಮಗಳು ಪೊಟ್ಟಣವನ್ನು ಅವನ ಕೈಗಿಟ್ಟಳು. ಅವನ ಮುಖ ಅರಳಿತು. ಬಲಗಿವಿಗೆ ಹಿಡಿದು ಅಲ್ಲಾಡಿಸಿದ. ಎಡಗಿವಿಗೆ ಹಿಡಿದು ಅಲ್ಲಾಡಿಸಿದ. ಮತ್ತೆ ಬಲಗಿವಿಗೆ, ಇನ್ನೂ ಜೋರಾಗಿ.

‘ಏನೂ ಇಲ್ವಲ್ಲವ್ವ. ಖಾಲಿ ಡಬ್ಬ ಕೊಟ್ಟವ್ರೆ.’

ನಾನು ನಿಂತಿದ್ದದ್ದು ಬೀದಿ ಬಾಗಿಲಲ್ಲಿ. ಸ್ಟೀಲ್ ಡಬ್ಬಿಯೊಳಗೆ ಚಮಚ ಲೊಟ ಲೊಟ ಅನ್ನುವುದು ಅಲ್ಲಿಗೂ ಕೇಳಿಸುತ್ತಿತ್ತು.

ಈಚೆಗೆ ಅವನ ಕೈಯಿಂದ ಒಂದೊಂದು ಹಸಿ ಕಾಯಿ ತಪ್ಪಿ ಒಣಗಿದ್ದರ ರಾಶಿಗೆ ಬೀಳುತ್ತಿದ್ದದ್ದು, ಹಾಡುವವಳು ಬಾಯಿ ಮುಚ್ಚಿದಾಗಲೆಲ್ಲ ಚಪ್ಪಾಳೆ ಬಿದ್ದದ್ದು, ನನ್ನೆದುರು ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದದ್ದು, ಎಲ್ಲ ಒಟ್ಟಿಗೆ ನನಗೆ ಅರ್ಥವಾಯಿತು. ಮಾವ ನಮ್ಮ ಮುಖ ನೋಡಿದ. ಸಿಕ್ಕಿಬಿದ್ದೆ ಅಂತ ಅವನಿಗೂ ಗೊತ್ತಾಯಿತು.

‘ಎರಡು ವರ್ಷ ಆಯ್ತು ಕಣ್ಲಾ’ ಅಂದ. ‘ಕೊಬ್ಬರಿಯವನಿಗೆ ಕಿವಿ ಹೋದ್ರೆ ಇನ್ನೇನು ಉಳೀತು ಅಂತ ಹೇಳ್ನಿಲ್ಲ.’ ಆಮೇಲೆ ಮಗಳ ಕಡೆ ತಿರುಗಿ, ತಪ್ಪು ಮಾಡಿದವನ ಹಾಗೆ, ‘ಮುಂದಿನ ಸಾಲಲ್ಲಿ ಕೂತ್ರೆ ಮಕ್ಕಳ ಬಾಯಿ ಕಾಣ್ತದೆ ಕಣವ್ವ. ಮಾತು ತಿಳೀತದೆ. ಅದಕ್ಕೇ ಅಲ್ಲಿ ಕೂರ್ತಿದ್ದೆ’ ಅಂದ.

ಮಗಳು ಅಳಲಿಲ್ಲ. ಒಂದು ಮಣೆ ಎಳೆದುಕೊಂಡು ಅವನೆದುರು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು. ಹಣೆಯ ಮೇಲಿನ ಕೂದಲು ಹಿಂದಕ್ಕೆ ತಳ್ಳಿ, ‘ವೇದಿಕೆಯ ಮೇಲಿರುವ ಗಣ್ಯರೇ’ ಅಂತ ಶುರು ಮಾಡಿದಳು. ಇಡೀ ಭಾಷಣ ಮತ್ತೊಮ್ಮೆ ಹೇಳಿದಳು, ನಿಧಾನವಾಗಿ, ಒಂದೊಂದು ಮಾತಿಗೂ ಬಾಯಿ ಅಗಲ ಮಾಡಿ. ಎಲ್ಲೂ ನಿಲ್ಲಲಿಲ್ಲ. ಉಸಿರಿಗೆ ಬಾಯಿ ಮುಚ್ಚಿದಾಗಲೆಲ್ಲ ಮಾವ ಚಪ್ಪಾಳೆ ಹೊಡೆದ. ಅವಳು ಪ್ರತಿ ಸಲವೂ ಅದು ಮುಗಿಯುವವರೆಗೆ ಕಾದಳು.

ಈಗ ಕಾಯಿ ಅಲ್ಲಾಡಿಸುವವನು ಮಾವ, ಪಕ್ಕದಲ್ಲಿ ಕೂತು ಕೇಳಿ ಹೇಳುವವಳು ಮಗಳು, ಸ್ಕೂಲಿನಿಂದ ಬಂದ ಮೇಲೆ.

ನನಗಿರುವುದನ್ನು ಹೇಳಿಬಿಡುತ್ತೇನೆ. ತೆಂಗಿನ ಮರ ಅರವತ್ತು. ಅಟ್ಟ ಒಂದು. ಲಗೇಜ್ ಆಟೋ ಒಂದು. ಮನೆಯಲ್ಲಿ ಜನ ನಾಲ್ಕು. ಕೇಳುವ ಕಿವಿ ಆರು.