ಸೀಲು ಬಿದ್ದ ಹಿಂದಿನ ಚಕ್ರ

ಮುಂದಿನ ಚಕ್ರದ ವಿಚಾರ ನಿನ್ನೆಯೇ ಇತ್ಯರ್ಥವಾಗಿತ್ತು. ತಕ್ಕಡಿ ಸಾಹೇಬರ ನಿದ್ದೆ ಕೆಡಿಸಿದ್ದು ಹಿಂದಿನ ಚಕ್ರ. ಅದಕ್ಕೆ ಯಾವ ಟೈರು, ಯಾವ ರಿಮ್ಮು ಎನ್ನುವುದು ಶನಿವಾರ ಬೆಳಿಗ್ಗೆ ಏಳಾದರೂ ತೀರ್ಮಾನವಾಗಿರಲಿಲ್ಲ. ಗುಡ್ಡದಿಂದ ಸೈಕಲ್ ಇಳಿಸುವ ಸ್ಪರ್ಧೆ ಅದೇ ದಿನ ಸಂಜೆ ನಾಲ್ಕಕ್ಕೆ.

ತೂಕ ಮತ್ತು ಅಳತೆ ಕಚೇರಿಯ ಇನ್‌ಸ್ಪೆಕ್ಟರಾದ್ದರಿಂದ ಬೀದಿಯವರು ಅವರಿಗೆ ಆ ಹೆಸರಿಟ್ಟಿದ್ದರು. ಇಪ್ಪತ್ತು ವರ್ಷದಿಂದ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸುವುದು ಅವರ ಕೆಲಸ. ಸಿಕ್ಕಿಬಿದ್ದ ಪ್ರತಿ ಅಂಗಡಿಯವನೂ ಒಂದೇ ಮಾತು ಹೇಳುತ್ತಿದ್ದ: “ನಿನ್ನೆವರೆಗೂ ಸರಿಯಾಗೇ ಇತ್ತು ಸಾರ್.” ಇವರ ಉತ್ತರವೂ ಒಂದೇ: “ಆಯ್ತಪ್ಪ, ಇಲ್ಲಿ ಸೈನ್ ಹಾಕು.” ರಾತ್ರಿ ಊಟಕ್ಕೆ ಕೂತಾಗ ಇದನ್ನು ಅಂಗಡಿಯವರ ದನಿಯಲ್ಲೇ ಅಭಿನಯಿಸಿ ತೋರಿಸಿ ಮಗಳನ್ನು ನಗಿಸುವುದೂ ಉಂಟು.

ಗ್ರಾಂ ಲೆಕ್ಕದ ಹುಚ್ಚು ಕಚೇರಿಯಿಂದ ಸೈಕಲ್ಲಿಗೂ ಅಂಟಿಕೊಂಡಿತ್ತು. ಬೆಲ್ಲು ಬಿಚ್ಚಿದರು. ಹ್ಯಾಂಡಲ್ಲಿನ ಎರಡೂ ತುದಿ ಬೆರಳಗಲ ಕೊಯ್ಯಿಸಿದರು. ಸ್ಟಿಕರುಗಳನ್ನು ಉಗುರಿನಲ್ಲಿ ಕೆರೆದು ತೆಗೆದು, ಅಷ್ಟನ್ನೂ ಒಟ್ಟು ಮಾಡಿ ತೂಗಿದರು. ಆರು ಗ್ರಾಂ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಾಡಿದರು.

“ನೀವೇ ಒಂದು ನಾಲ್ಕು ಕೆಜಿ ಇಳಿದ್ರೆ ಸೈಕಲ್ ಕೆರೆಯೋ ಕೆಲ್ಸ ತಪ್ಪುತ್ತಲ್ಲ?” ಎಂದಿದ್ದರು ಹೆಂಡತಿ. ಸಾಹೇಬರು ಆ ಮಾತನ್ನು ದಾಖಲಿಸಿಕೊಳ್ಳಲಿಲ್ಲ.

ಆದರೆ ಈ ಪೇಚಾಟವೆಲ್ಲ ಬಹುಮಾನಕ್ಕಾಗಿ ಅಲ್ಲ. ಹೋದ ವರ್ಷ ಅರ್ಧ ಗುಡ್ಡದಲ್ಲಿ, ಕಪ್ಪು ಬಂಡೆಯ ತಿರುವಿನಲ್ಲಿ, ಅವರ ಹಿಂದಿನ ಟೈರು ಹರಿದು ರಿಮ್ಮು ಸೊಟ್ಟಗಾಗಿತ್ತು. ಎಲ್ಲರೂ ಇಳಿದು ಮನೆಗೆ ಹೋದ ಮೇಲೆ, ಐದೂವರೆಗೆ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದು ಬಂದಿದ್ದರು. ಕೆಳಗೆ ಎಂಟು ವರ್ಷದ ಮಗಳು ನೀರಿನ ಬಾಟ್ಲಿ ಹಿಡಿದು ಒಬ್ಬಳೇ ನಿಂತಿದ್ದಳು; ಅವಳ ಅಮ್ಮ ದೂರದ ಕಲ್ಲಿನ ಮೇಲೆ ಕೂತಿದ್ದರು. ಮಗಳು ಬಾಟ್ಲಿ ಚಾಚಿದಳು ಅಷ್ಟೆ. ಆ ಬಾಟ್ಲಿಯನ್ನು ಸಾಹೇಬರು ಇನ್ನೂ ಮರೆತಿರಲಿಲ್ಲ. ಒಂದೇ ಒಂದು ಸಲ ತಾನು ಸೈಕಲ್ ಮೇಲೆ ಕೂತು ಇಳಿದು ಬರುವುದನ್ನು ಅವಳು ಕಣ್ಣಾರೆ ನೋಡಬೇಕು. ಅವರಿಗೆ ಬೇಕಾದದ್ದು ಇಷ್ಟೇ.

“ಮರೀಬೇಡ, ನಾಲ್ಕಕ್ಕೆ,” ಎಂದರು ಹೊರಡುವಾಗ.

“ನಾವು ಹೊತ್ತು ನೋಡ್ಕೊಂಡು ಬರ್ತೀವಿ ಹೋಗ್ರಿ,” ಎಂದರು ಹೆಂಡತಿ ಒಳಗಿನಿಂದ.

ಗೇಟಿನಲ್ಲಿ ಎದುರುಮನೆಯ ನಿವೃತ್ತ ಬಸ್ ಡ್ರೈವರು ಅಡ್ಡ ಬಂದರು. ಬೀದಿಯಲ್ಲಿ ಏನೇ ಉರುಳಿದರೂ ಅದರ ಬಗ್ಗೆ ಅವರದೊಂದು ಮಾತು ಇದ್ದೇ ಇರುತ್ತಿತ್ತು.

“ಟೈರಿನ ಚಿಂತೇನಾ? ಮೂವತ್ತು ವರ್ಷ ಬಸ್ ಓಡಿಸಿದೀನಿ ಸಾಹೇಬ್ರೇ. ಹಿಂದೆ ಒಂದು ಟೈರು ಹೋದ್ರೆ ಪಕ್ಕದಲ್ಲಿ ಇನ್ನೊಂದು ಇರುತ್ತೆ. ನೀವೂ ಹಿಂದೆ ಎರಡು ಹಾಕಿಸ್ಬಿಡಿ.”

“ಸೈಕಲ್ಲಿಗಾ?”

“ಯಾಕೆ, ಸೈಕಲ್ ಏನು ಬೇರೆ ಜಾತಿನಾ?”

ಸಾಹೇಬರು ವಾಚು ನೋಡಿಕೊಂಡು ಓಡಿದರು.

ಸೈಕಲ್ ಅಂಗಡಿಯ ಯಜಮಾನ ಕೌಂಟರಿನ ಮೇಲೆ ಎರಡು ಟೈರು, ಕಡ್ಡಿ ಕಟ್ಟಿ ಸಿದ್ಧವಾಗಿದ್ದ ಎರಡು ಚಕ್ರ ಇಟ್ಟುಕೊಂಡು ನಾಲ್ಕನೇ ದಿನವೂ ಅದೇ ಪಾಠ ಒಪ್ಪಿಸಿದ. ತೆಳ್ಳನೆಯ ಟೈರಿಗೆ ಅವನಿಟ್ಟ ಹೆಸರು ಸಿಲ್ಕು, ದಪ್ಪನೆಯದಕ್ಕೆ ಕಂಬಳಿ.

“ಸಿಲ್ಕು ಹಗುರ, ಚೆನ್ನಾಗಿ ಓಡುತ್ತೆ, ಆದ್ರೆ ಚೂಪು ಕಲ್ಲು ಸಿಕ್ರೆ ಹರಿಯುತ್ತೆ. ಕಂಬಳಿಗೆ ಎರಡು ಪದರ, ಅದು ಹರಿಯಲ್ಲ. ಆದ್ರೆ ಮುನ್ನೂರು ಗ್ರಾಂ ಜಾಸ್ತಿ. ಮತ್ತೆ ಕಂಬಳಿಗೆ ಈ ಅಗಲದ ರಿಮ್ಮೇ ಬೇಕು ಸಾರ್. ಕಿರಿದಾದ ರಿಮ್ಮಿಗೆ ಹಾಕಿದ್ರೆ ತಿರುವಿನಲ್ಲಿ ಟೈರು ಹೊಯ್ದಾಡುತ್ತೆ.”

“ಮುನ್ನೂರು ಗ್ರಾಂ ಅಂತ ಯಾರು ತೂಗಿದ್ದು?”

“ಡಬ್ಬದ ಮೇಲೆ ಬರೆದಿದೆಯಲ್ಲ.”

ಬರೆದದ್ದನ್ನು ನಂಬುವವರಾಗಿದ್ದರೆ ಸಾಹೇಬರಿಗೆ ಸಂಬಳ ಯಾಕೆ ಬರಬೇಕು? ಎರಡನ್ನೂ ಕಚೇರಿಗೆ ಒಯ್ದು ತೂಗಿ, ಬೇಡದ್ದನ್ನು ಮಧ್ಯಾಹ್ನ ವಾಪಸು ಕೊಡುತ್ತೇನೆ ಎಂದರು. ನಾಲ್ಕು ದಿನದಿಂದ ಸುಸ್ತಾಗಿದ್ದ ಯಜಮಾನ, ಅವರು ಅಂಗಡಿಯಿಂದ ಹೊರಗೆ ಹೋದರೆ ಸಾಕೆಂದು ಒಪ್ಪಿದ. ಎರಡು ಹೆಗಲಿಗೆ ಎರಡು ಚಕ್ರ, ಕೊರಳಿಗೆ ಹಾರದಂತೆ ಎರಡು ಟೈರು ಹಾಕಿಕೊಂಡು, ಖಾಲಿ ಡಬ್ಬಗಳನ್ನು ಕಂಕುಳಲ್ಲಿ ಅವುಚಿಕೊಂಡು ಸಾಹೇಬರು ಬಸ್ಸು ಹತ್ತಿದರು.

“ಇವಕ್ಕೆ ಲಗೇಜ್ ಟಿಕೆಟ್ಟು,” ಎಂದ ಕಂಡಕ್ಟರು. “ಉಳಿದ ಸೈಕಲ್ಲು ಹಿಂದಿನ ಬಸ್ಸಲ್ಲಿ ಬರ್ತಿದೆಯಾ?”

ಬಸ್ಸಿನವರೆಲ್ಲ ನಕ್ಕರು. ಸಾಹೇಬರಿಗೆ ನಗಲು ಪುರುಸೊತ್ತಿರಲಿಲ್ಲ, ಆಗಲೇ ಹತ್ತೂಕಾಲು.

ಕಚೇರಿಯ ಹಿಂದಿನ ಕೋಣೆಯಲ್ಲಿ ಊರಿನ ತಕ್ಕಡಿಗಳಿಗೆಲ್ಲ ತಾಯಿಯಂಥ ದೊಡ್ಡ ತಕ್ಕಡಿ ಇತ್ತು. ಸಾಹೇಬರು ಕಿಟಕಿ ಮುಚ್ಚಿದರು, ಫ್ಯಾನು ಆರಿಸಿದರು. ಕಚೇರಿಯವರೆಲ್ಲ ಅಕ್ಕ ಎಂದೇ ಕರೆಯುವ ಗುಮಾಸ್ತೆ ಅಂಕಿ ಬರೆದುಕೊಳ್ಳಲು ಪೆನ್ಸಿಲ್ ಹಿಡಿದು ನಿಂತರು. ಆಕೆಗೆ ಅಂದು ಬೇರೆ ಕೆಲಸವಿರಲಿಲ್ಲ.

ಸಿಲ್ಕಿನ ಡಬ್ಬದ ಮೇಲೆ ಒಂಬೈನೂರ ಐವತ್ತು ಗ್ರಾಂ ಎಂದಿತ್ತು. ತಕ್ಕಡಿ ಸಾವಿರದ ಹತ್ತು ತೋರಿಸಿತು.

“ಅರವತ್ತು ಗ್ರಾಂ ಮೋಸ,” ಎಂದರು ಸಾಹೇಬರು ಹಲ್ಲು ಕಚ್ಚಿ.

“ಜಾಸ್ತಿ ಕೊಟ್ರೆ ಮೋಸ ಹೇಗಾಗುತ್ತೆ ಸಾರ್?” ಎಂದರು ಅಕ್ಕ.

ಆಮೇಲೆ ಕಂಬಳಿ. ಡಬ್ಬದ ಮೇಲೆ ಸಾವಿರದ ಇನ್ನೂರ ಐವತ್ತು. ತಕ್ಕಡಿಯಲ್ಲಿ ಸಾವಿರದ ನೂರು. ಸಾಹೇಬರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ತೂಗಿದರು. ಸಾವಿರದ ನೂರೇ. ಎರಡಕ್ಕೂ ವ್ಯತ್ಯಾಸ ಬರೀ ತೊಂಬತ್ತು ಗ್ರಾಂ. ಹರಿಯದ ಟೈರು, ಹೆಚ್ಚುಕಡಿಮೆ ಸಿಲ್ಕಿನಷ್ಟೇ ಹಗುರ. ನಾಲ್ಕು ದಿನದ ತಲೆನೋವು ಒಂದೇ ಕ್ಷಣದಲ್ಲಿ ಇಳಿಯಿತು.

“ಅಕ್ಕಾ, ನೂರೈವತ್ತು ಗ್ರಾಂ ಕಡಿಮೆ ಇದೆ ಇದು,” ಎಂದು ಅವರು ಕೂಗಿದ ಕೂಗು ಎರಡು ಗೋಡೆ ದಾಟಿತು.

ಮೂರನೆಯ ಕೋಣೆಯಲ್ಲಿ, ಹದಿನೈದು ದಿನದ ಹಿಂದೆ ವರ್ಗವಾಗಿ ಬಂದಿದ್ದ ಮೇಲಧಿಕಾರಿ ಮೇಡಂ ಕೂತಿದ್ದರು. ಆ ಕಚೇರಿಯಲ್ಲಿ ‘ಕಡಿಮೆ ಇದೆ’ ಎಂಬ ಮಾತಿಗಿಂತ ಬೇಗ ಯಾರನ್ನೇ ಆಗಲಿ ಕುರ್ಚಿಯಿಂದ ಎಬ್ಬಿಸುವ ಮಾತು ಇನ್ನೊಂದಿಲ್ಲ. ಮೇಡಂ ಬಂದು ಡಬ್ಬ ನೋಡಿದರು, ತಕ್ಕಡಿ ನೋಡಿದರು.

“ಬರೆದದ್ದಕ್ಕಿಂತ ನೂರೈವತ್ತು ಕಡಿಮೆ. ವೆರಿ ಗುಡ್. ರಜೆಗೆ ಮುಂಚಿನ ಅರ್ಧ ದಿನದಲ್ಲೂ ಕೇಸು ಹಿಡೀತೀರಿ ಅಂದ್ಕೊಂಡಿರ್ಲಿಲ್ಲ. ಜಪ್ತಿ ಮಾಡಿ, ಸೀಲ್ ಹಾಕಿ.”

“ಮೇಡಂ, ಇದು ನನ್ನ ಸ್ವಂತಕ್ಕೆ ತಂದ ಟೈರು. ಕಡಿಮೆ ಇರೋದೇ ನನಗೆ ಬೇಕಾದ್ದು.”

“ತೂಕದಲ್ಲಿ ಮೋಸ ಹೋದವರು ಖುಷಿಯಾಗಿದಾರೆ ಅಂತ ಕೇಸು ಬಿಡೋಕಾಗುತ್ತಾ?”

ಇಪ್ಪತ್ತು ವರ್ಷದಲ್ಲಿ ಸಾವಿರಾರು ಸಲ ತಾವೇ ಹಿಡಿದ ಸೀಲಿನ ಇಕ್ಕಳ ಆ ದಿನ ಸಾಹೇಬರ ಕೈಯಲ್ಲಿ ಭಾರವಾಯಿತು. ಅವರ ಮುಖ ನೋಡಲಾಗದೆ ಅಕ್ಕ ನಿಯಮದ ಪುಸ್ತಕ ತೆಗೆದರು.

“ಇಲ್ಲೊಂದು ದಾರಿ ಇದೆ ಮೇಡಂ. ಮಾಲು ಯಾರ ಹತ್ರ ಸಿಕ್ತೋ ಅವರೇ ಮುಚ್ಚಳಿಕೆ ಬರ್ಕೊಟ್ರೆ ಸೀಲ್ ಹಾಕಿ ಅವರ ಹತ್ರಾನೇ ಬಿಡಬಹುದು. ಸೋಮವಾರ ಸೀಲ್ ಒಡೀದೆ ತಂದು ಒಪ್ಪಿಸ್ಬೇಕು.”

“ಸೀಲ್ ಆದ ಮಾಲನ್ನ ಸೈಕಲ್ಲಿಗೆ ಹಾಕಿ ಓಡಿಸೋದಾ?”

“ಉರುಳಬಾರದು ಅಂತ ಎಲ್ಲೂ ಬರೆದಿಲ್ಲ ಮೇಡಂ.”

ಮೇಡಂ ಪುಸ್ತಕವನ್ನು ಎರಡು ಸಲ ಓದಿದರು. ನಿಜವಾಗಿಯೂ ಬರೆದಿರಲಿಲ್ಲ. ಆದರೆ ಟೈರು ಬದಲಾಯಿಸಬಾರದಲ್ಲ, ಅದಕ್ಕೇ ಟೈರು ರಿಮ್ಮು ಎರಡನ್ನೂ ಸೇರಿಸಿ ತಂತಿ ಸುತ್ತಬೇಕೆಂದು ಅಪ್ಪಣೆಯಾಯಿತು. ಅಗಲದ ರಿಮ್ಮಿಗೆ ಕಂಬಳಿಯನ್ನು ಏರಿಸಲು ಅಕ್ಕ ಒಂದು ಕಡೆ ಮಂಡಿಯೂರಿದರು, ಸಾಹೇಬರು ಇನ್ನೊಂದು ಕಡೆ ಟೀ ಚಮಚದ ಹಿಡಿ ತೂರಿಸಿ ಒದ್ದಾಡಿದರು. ಒಂದು ಚಮಚ ಬಾಗಿತು. ಗಾಳಿ ತುಂಬಿದ ಮೇಲೆ ಮೇಡಂ ನಿಂತು ನೋಡುತ್ತಿದ್ದಂತೆ ತಂತಿ ಬಿಗಿದು ಸೀಸದ ಮುದ್ರೆ ಒತ್ತಲಾಯಿತು.

ಅಂಗಡಿಗೆ ಹಿಂತಿರುಗಿದಾಗ ಎರಡೂವರೆ. ಸಿಲ್ಕನ್ನೂ ಕಿರಿದಾದ ಚಕ್ರವನ್ನೂ ಕೊಟ್ಟು, ಸೋಮವಾರ ನೋಟಿಸು ಬರುತ್ತದೆ ಎಂದು ಸಾಹೇಬರು ತಲೆ ತಗ್ಗಿಸಿ ಹೇಳಿದರು. ಯಜಮಾನ ಮುದ್ರೆಯನ್ನು ಮುಟ್ಟಿ ನೋಡಿದ.

“ನಾಲ್ಕು ದಿನ ನಿಮಗೆ ಪಾಠ ಹೇಳಿದ್ದಕ್ಕೆ ಇದು ಕೊಟ್ರಾ ಸಾರ್? ನನ್ನ ಟೈರು ನಿನ್ನೆವರೆಗೂ ಸರಿಯಾಗೇ ಇತ್ತು.”

“ಆಯ್ತಪ್ಪ,” ಎಂದರು ಸಾಹೇಬರು. ಬಾಯಿಗೆ ಅಭ್ಯಾಸವಾಗಿಬಿಟ್ಟಿತ್ತು.

ಯಜಮಾನ ಸ್ಪ್ಯಾನರು ಕೂಡ ಕೊಡಲಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಬೇಡಿ ತಂದು, ಫುಟ್‌ಪಾತಿನ ಮೇಲೆ ಕೂತು, ನಾಲ್ಕು ದಿನದಿಂದ ಅಂಗಡಿಯಲ್ಲೇ ಬಿಟ್ಟಿದ್ದ ಸೈಕಲ್ಲಿಗೆ ತಾವೇ ಚಕ್ರ ಕೂರಿಸಿಕೊಂಡರು. ಸ್ಪರ್ಧೆಯವರ ವ್ಯಾನು ಗುಡ್ಡದ ಬುಡದಿಂದ ಹೊರಡುವ ಹೊತ್ತಿಗೆ ಓಡಿಹೋಗಿ ಹತ್ತಿದರು.

ಹದಿನೈದು ಜನ. ಇವರ ಸರದಿ ಹನ್ನೊಂದನೆಯದು. ಬಿಟ್ಟ ಕೂಡಲೇ ಹಿಂದಿನ ಚಕ್ರ ಮಾತಾಡತೊಡಗಿತು. ಟಕ್, ಟಕ್, ಟಕ್. ಪ್ರತಿ ಸುತ್ತಿಗೂ ತಂತಿ ನೆಲಕ್ಕೆ ಬಡಿಯುತ್ತಿತ್ತು. ಇಳಿಜಾರು ಹೆಚ್ಚಿದಂತೆ ಟಕ್ಕುಗಳು ಒಂದರ ಬಾಲ ಒಂದು ಹಿಡಿದು ಓಡಿದವು. ಮುದ್ರೆ ಒಡೆದರೆ ನೌಕರಿ, ಟೈರು ಒಡೆದರೆ ಮಾನ. ಎರಡನ್ನೂ ಒಂದೇ ಚಕ್ರಕ್ಕೆ ಕಟ್ಟಿಕೊಂಡು ಸಾಹೇಬರು ಬ್ರೇಕಿನ ಮೇಲೆ ಬೆರಳಿಟ್ಟು ಇಳಿದರು.

ಕಪ್ಪು ಬಂಡೆಯ ತಿರುವು ಬಂತು. ಟೈರು ಕಲ್ಲಿನ ಮೊನೆಯ ಮೇಲೆ ಕುಪ್ಪಳಿಸಿ, ಅಗಲದ ರಿಮ್ಮಿನ ಮೇಲೆ ಒಂದಿಷ್ಟೂ ಹೊಯ್ದಾಡದೆ ಆಚೆ ದಾಟಿತು. ಸಾಹೇಬರಿಗೆ ಕಣ್ಣು ತುಂಬಿತು. ನಲವತ್ತೈದನೆಯ ವಯಸ್ಸಿನಲ್ಲಿ ಗಂಡಸು ಟೈರಿಗಾಗಿ ಅಳಬಾರದೆಂಬ ನಿಯಮವೂ ಎಲ್ಲಿಯೂ ಬರೆದಿಲ್ಲ.

ನಾಲ್ಕೂವರೆಗೆ ಸೈಕಲ್ ಮೇಲೆ ಕೂತೇ ಗೆರೆ ದಾಟಿದರು. ಸಮಯ ನೋಡುವವನು ಸದ್ಯಕ್ಕೆ ಒಂಬತ್ತನೇ ಸ್ಥಾನ ಎಂದ. ಸಾಹೇಬರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರು ಹಗ್ಗದಾಚೆ ನಿಂತವರಲ್ಲಿ ಒಂದು ನೀರಿನ ಬಾಟ್ಲಿ ಹುಡುಕುತ್ತಿದ್ದರು. ಬಾಟ್ಲಿ ಇರಲಿಲ್ಲ, ಮಗಳೂ ಇರಲಿಲ್ಲ.

ಬಹುಮಾನ ಕೊಡುವುದು ಗುಡ್ಡದ ಮೇಲೆ. ಕೊನೆಯವನು ಇಳಿದದ್ದೇ ವ್ಯಾನು ಎಲ್ಲರನ್ನೂ, ಸಮಯ ನೋಡುವವನನ್ನೂ ತುಂಬಿಕೊಂಡಿತು.

“ನೀವು ಬರಲ್ವಾ?”

“ಇಲ್ಲ, ನನ್ನ ಮಗಳು ಬರ್ತಾಳೆ.”

ವ್ಯಾನು ಹೋಯಿತು. ನೋಡಲು ಬಂದವರೂ ಮನೆಗೆ ಹೋದರು. ಸಾಹೇಬರು ಸೈಕಲ್ ಹಿಡಿದು ನಿಂತರು, ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ. ಐದಾಯಿತು. ಐದೂಕಾಲಾಯಿತು. ಆಗ ಕಾಲ ಬಳಿ ಸಣ್ಣದೊಂದು ಶಬ್ದ ಕೇಳಿಸಿತು. ಬಗ್ಗಿ ನೋಡಿದರು. ಇಡೀ ಗುಡ್ಡದ ಕಲ್ಲು ಹರಿಯಲಾರದ ಕಂಬಳಿಯೊಳಕ್ಕೆ, ಅವರೇ ಬಿಗಿದ ತಂತಿ ಪ್ರತಿ ಸುತ್ತಿಗೂ ಇಷ್ಟಿಷ್ಟೇ ಇಳಿದು ಟ್ಯೂಬನ್ನು ಮುಟ್ಟಿತ್ತು. ಗಾಳಿ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಹೊರಟುಹೋಯಿತು. ಟೈರು ಬಿಚ್ಚಿ ಪ್ಯಾಚು ಹಾಕುವುದು ಹತ್ತು ನಿಮಿಷದ ಕೆಲಸ. ಬಿಚ್ಚಬೇಕಾದರೆ ಸೀಲು ಒಡೆಯಬೇಕು. ಸೀಲು ಸೋಮವಾರದವರೆಗೆ ಒಡೆಯುವಂತಿಲ್ಲ.

ಸರಿಯಾಗಿ ಐದೂವರೆಗೆ ಹೆಂಡತಿ, ಮಗಳು ಆಟೋ ಇಳಿದರು.

“ನೋಡ್ದ್ಯಾ, ನಾನು ಹೇಳಿದ ಹೊತ್ತಿಗೇ ಬಂದಿದಾರೆ,” ಎಂದರು ಹೆಂಡತಿ ಮಗಳಿಗೆ. “ಹೋದ್ಸಲ ಮಗು ಒಂದೂವರೆ ಗಂಟೆ ಬಿಸಿಲಲ್ಲಿ ಕಾಯ್ತು ಕಣ್ರೀ. ಅದಕ್ಕೇ ಈ ಸಲ ಲೆಕ್ಕ ಹಾಕ್ಕೊಂಡು ಬಂದ್ವಿ.”

ಮಗಳು ಚಪ್ಪಟೆಯಾದ ಟೈರನ್ನು ನೋಡಿದಳು. ಬಾಟ್ಲಿ ಚಾಚಿದಳು. ಆಮೇಲೆ ಚೀಲದಿಂದ ಮಡಿಸಿದ ಟವೆಲ್ಲೊಂದನ್ನು ತೆಗೆದಳು.

“ಹೆಗಲಿಗೆ ಇಟ್ಕೊಳ್ಳಪ್ಪ. ಹೋದ್ಸಲ ಕೆಂಪಗಾಗಿತ್ತಲ್ಲ, ನಾನೇ ನೆನಪಿಟ್ಟು ತಂದೆ. ಈ ಸಲ ಬೇಗ ನಡೆದು ಬಂದ್ಯಲ್ಲ.”

“ನಾನು ನಡ್ಕೊಂಡು ಬಂದಿಲ್ಲ ಪುಟ್ಟಿ, ಓಡಿಸ್ಕೊಂಡೇ ಬಂದೆ,” ಎಂದರು ಸಾಹೇಬರು. ಸುತ್ತ ನೋಡಿದರು, ಹೌದೆನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ. “ನಿಜವಾಗ್ಲೂ. ಈ ಟೈರು ಈಗಿನವರೆಗೂ ಸರಿಯಾಗೇ ಇತ್ತು.”

ಆಡಿದ ಮಾತು ಅಂಗಡಿಯವರ ದನಿಯಲ್ಲೇ ಸಾಹೇಬರ ಕಿವಿಗೆ ಬಿತ್ತು.

ಮಗಳು ಅಮ್ಮನ ಮುಖ ನೋಡಿದಳು. ನಗಲಿಲ್ಲ. ಅಪ್ಪನಿಗೆ ಬೇಜಾರಾಗದಂತೆ ಟವೆಲ್ಲನ್ನು ಇನ್ನೊಂದು ಮಡಿಕೆ ಮಡಿಸಿ, ತುದಿಗಾಲಲ್ಲಿ ನಿಂತು ಅವರ ಹೆಗಲ ಮೇಲಿಟ್ಟು ಹೇಳಿದಳು:

“ಆಯ್ತಪ್ಪ.”

ಸಾಹೇಬರು ಸೈಕಲ್ಲನ್ನು ಎತ್ತಿ ಹೊತ್ತುಕೊಂಡರು. ಹೋದ ವರ್ಷಕ್ಕಿಂತ ಹಗುರವಾಗಿಯೇ ಇತ್ತು.