ಎರಡು ಬೆರಳಿನಲ್ಲಿ ತಿದ್ದಿದ ಲಗ್ನಪತ್ರಿಕೆ

ಅಕ್ಕನ ಲಗ್ನಪತ್ರಿಕೆಯ ಕರಡು ತಿದ್ದುವ ಕೆಲಸವನ್ನು ನಾನಾಗಿಯೇ ಕೇಳಿ ಪಡೆದೆ. ನಮ್ಮ ದಾವಣಗೆರೆ ಕಡೆ ಪತ್ರಿಕೆಯಲ್ಲಿ ಇಡೀ ಬಳಗದ ಹೆಸರು ಬರಬೇಕು. ಒಂದು ದೀರ್ಘ ತಪ್ಪಿದರೂ ಒಬ್ಬರು ಊಟಕ್ಕೆ ಬರುವುದಿಲ್ಲ. ನಿತ್ಯ ದಿನಚರಿ ಬರೆಯುವ ನನಗಿಂತ ತಕ್ಕವರು ಯಾರು?

ಸೋಮವಾರ ಸಂಜೆ 5:40ಕ್ಕೆ ಪ್ರೆಸ್ಸಿನಿಂದ ಮೊಬೈಲಿಗೆ ಪಿಡಿಎಫ್ ಬಂತು. ಇಡೀ ಪತ್ರಿಕೆ ಕಾಣುವಂತೆ ಇಟ್ಟರೆ ಅಕ್ಷರಗಳು ಸಾಸಿವೆ. ಎರಡು ಬೆರಳಿಟ್ಟು ಹಿಗ್ಗಿಸಿದರೆ ಒಮ್ಮೆಗೆ ಎರಡೂವರೆ ಹೆಸರು. ಹಿಗ್ಗಿಸಿದೆ. ಎಡಕ್ಕೆ ಸರಿಸಿ ಒಂದು, ಕೆಳಗೆ ಸರಿಸಿ ಒಂದು. ಪ್ರತಿ ಹೆಸರಿಗೂ ದಿನಚರಿಯಲ್ಲಿ ಒಂದು ಗೀಟು.

“ವಿದ್ಯಾನಗರದಾಗೆ ಜೆರಾಕ್ಸ್ ಅಂಗಡಿ ಐತೆ, ಕಾಗದದ ಮೇಲೆ ತೆಗೆಸ್ಕಂಡು ಬಾರೋ,” ಅಂದಳು ಅವ್ವ.

“ಈಗ ಕಾಗದ ಯಾರು ನೋಡ್ತಾರವ್ವ?”

ಅರವತ್ನಾಲ್ಕು ಹೆಸರು, ಅರವತ್ನಾಲ್ಕು ಗೀಟು, ದೋಷ ಸೊನ್ನೆ. 8:15ಕ್ಕೆ ‘ಓಕೆ’ ಕಳಿಸಿದೆ. ಆರುನೂರು ಪ್ರತಿ ಅಚ್ಚಾದವು.

ಗುರುವಾರ ಮೊದಲ ಪತ್ರಿಕೆ ಹಿಡಿದು ಹರಿಹರಕ್ಕೆ ಹೋದೆ. ಅಪ್ಪ ತೀರಿಕೊಂಡಿದ್ದರಿಂದ ಅಕ್ಕನನ್ನು ಧಾರೆ ಎರೆಯಬೇಕಾದವರು ಅಲ್ಲಿಯ ದೊಡ್ಡಪ್ಪ. ಕನ್ನಡಕ ಏರಿಸಿ ಓದಿದರು. ಬಹಳ ಹೊತ್ತು ಓದಿದರು.

“ನಾನು ಯಾವಾಗ ಹೋದ್ನೋ?”

“ಎಲ್ಲಿಗೆ ದೊಡ್ಡಪ್ಪ?”

ಬೆರಳಿಟ್ಟು ತೋರಿಸಿದರು. ಪ್ರೆಸ್ಸಿನವರು ಅಣ್ಣತಮ್ಮಂದಿರನ್ನು ಒಂದೇ ಕಡೆ ಸೇರಿಸಿದ್ದರು: ಅಪ್ಪನ ಹೆಸರು, ಕೆಳಗೆ ದೊಡ್ಡಪ್ಪನದು. ಕಾಗುಣಿತ ಶುದ್ಧ. ಮೇಲಿನ ತಲೆಬರಹ, ‘ಸ್ವರ್ಗಸ್ಥ ಹಿರಿಯರ ಆಶೀರ್ವಾದಗಳೊಂದಿಗೆ’. ನಾನು ಹಿಗ್ಗಿಸಿದ್ದ ರಭಸಕ್ಕೆ ಅದು ಪರದೆಯ ಆಚೆಯೇ ಉಳಿದಿತ್ತು.

“ಸತ್ತೋನು ಧಾರೆ ಹೆಂಗೆ ಎರೀಲಿ? ಬರಾದಿಲ್ಲ, ಹೋಗು.”

ಕಾಲಿಗೆ ಬಿದ್ದೆ. ಮೂರು ಸಲ. ಕೊನೆಗೆ ದೊಡ್ಡಮ್ಮನೇ ದಾರಿ ಹುಡುಕಿದಳು: “ಪತ್ರಿಕೆ ಕೊಡಾಕೆ ನೀವೂ ಅವನ ಜೊತಿಗೆ ಹೋಗ್ರಿ. ಇರಾದು ಜನ ಕಣ್ಣಾರೆ ನೋಡ್ಲಿ.”

“ಹೋಗ್ತೀನಿ. ಧಾರೆ ಮಾತು ಆಮ್ಯಾಲೆ,” ಅಂದರು ದೊಡ್ಡಪ್ಪ.

ನಿಜಲಿಂಗಪ್ಪ ಬಡಾವಣೆ, ಸರಸ್ವತಿ ನಗರ, ಎಲ್ಲ ಕಡೆ ಸ್ಕೂಟರಿನ ಹಿಂದೆ ದೊಡ್ಡಪ್ಪ ಬಿಗಿದುಕೊಂಡು ಕೂತರು. ಮನೆ 23, ವಿವರಣೆ 23, ಚಹಾ 19, ಅವರು ನನ್ನೊಡನೆ ಆಡಿದ ಮಾತು ಸೊನ್ನೆ. ಕೊನೆಯ ಮನೆಯ ಅಜ್ಜಿ ಪತ್ರಿಕೆ ಓದಿ, ದೊಡ್ಡಪ್ಪನನ್ನು ನೋಡಿ, ಮತ್ತೆ ಓದಿದಳು.

“ಇವರದೇನೋ ಗೊತ್ತಾತು. ನಿನ್ನ ಹೆಸರು ಎಲ್ಲೈತಪ್ಪ?”

ಹುಡುಕಿದೆ. ಎಲ್ಲೂ ಇರಲಿಲ್ಲ. ಪ್ರೆಸ್ಸಿಗೆ ಬರೆದುಕೊಟ್ಟ ಪಟ್ಟಿಯಲ್ಲೇ ನಾನು ನನ್ನನ್ನು ಬರೆದಿರಲಿಲ್ಲ.

ದೊಡ್ಡಪ್ಪನ ಮುಖ ಅವತ್ತು ಮೊದಲ ಬಾರಿ ಅರಳಿತು.

“ಧಾರೆ ಎರೀತೀನಿ ಬಿಡು ಅಜ್ಜಿ,” ಅಂದರು. “ನನ್ನ ಸಾಯಿಸಿದಾನೆ ಅಂತ ಸಿಟ್ಟಿತ್ತು. ಇವನು ಹುಟ್ಟೇ ಇಲ್ಲ ಅಂದ ಮ್ಯಾಲೆ ಯಾರ ಮೇಲೆ ಸಿಟ್ಟಾಗ್ಲಿ?”