ನನ್ನ ದವಡೆಯ ತಾಲೀಮು

ವಿಮೆ ಏಜೆಂಟನಾದ ನನಗೆ ಅಪಾಯವೇ ಅನ್ನ. ಕಲಬುರಗಿಯ ಗಾಜಿಪುರ ಬಡಾವಣೆಯ ಯಾವ ಮನೆಯ ಪಡಸಾಲೆಯಲ್ಲಿ ಕೂತರೂ ಚಹಾ ಬರುವಷ್ಟರಲ್ಲಿ ಆ ಮನೆಯ ಯಜಮಾನನಿಗೆ ಬರಬಹುದಾದ ಸಕಲ ಅಪಾಯಗಳನ್ನೂ ವಿವರಿಸಿ, ಕಪ್ಪು ಖಾಲಿಯಾಗುವಷ್ಟರಲ್ಲಿ ಸಹಿ ಹಾಕಿಸಿಕೊಂಡು ಏಳುವವನು ನಾನು. ಅಂಥವನಿಗೆ ಸ್ವಂತ ದವಡೆಯ ಲಾಭ-ನಷ್ಟ ತೂಗುವುದು ಯಾವ ಮಹಾ ಕೆಲಸ? ಹಾಗಂತ ತಿಳಿದಿದ್ದೆ!

ನನ್ನ ಕೆಳದವಡೆ ಮೇಲಿನದಕ್ಕಿಂತ ಮುಂದಿದೆ. ಯಾರ ಮನೆಗೆ ಹೋದರೂ ಮೊದಲು ಅದು ಒಳಗೆ ಹೋಗುತ್ತದೆ, ಆಮೇಲೆ ನಾನು. ಮುಂದಿನ ಹಲ್ಲುಗಳು ಹುಟ್ಟಿದಾಗಿನಿಂದ ಒಂದನ್ನೊಂದು ಮುಟ್ಟಿಲ್ಲ. ಬೇರೆ ಊರಾಗಿದ್ದರೆ ಇಡ್ಲಿ ತಿಂದು ಹೇಗೋ ಕಾಲ ಕಳೆಯಬಹುದಿತ್ತು. ಕಲಬುರಗಿಯಲ್ಲಿ ಹುಟ್ಟಿ ಖಡಕ್ ಜೋಳದ ರೊಟ್ಟಿ ಕಡಿಯಲಾಗದೆ ಬದುಕುವುದು ಹೇಗೆ? ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೂ ಎರಡನೇ ರೊಟ್ಟಿ ಮುಗಿಸುವಾಗ ನಾನಿನ್ನೂ ಮೊದಲನೆಯದನ್ನು ಚೂರು ಮಾಡುತ್ತಿರುತ್ತೇನೆ. ಈಚೆಗಂತೂ ಕಿವಿಯ ಹತ್ತಿರದ ಕೀಲು ಟಕ್ ಟಕ್ ಎನ್ನತೊಡಗಿ, ಸಂಜೆಯ ಹೊತ್ತಿಗೆ ನೋವು ತಲೆಗೇರುತ್ತಿತ್ತು. ಮಾತಿನಿಂದಲೇ ಹೊಟ್ಟೆ ಹೊರೆಯುವವನಿಗೆ ಮಾತಾಡಿದರೆ ನೋವು!

ಹೆಂಡತಿ ಜಗದೇವಿಯ ಜೊತೆ ಸೇಡಂ ರಸ್ತೆಯ ಡಾಕ್ಟರರ ಬಳಿ ಹೋದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಸಮಾಧಾನವಾಗಿ ಹೇಳಿದರು.

"ಆಪರೇಶನ್ ಮಾಡಿ ಕೆಳದವಡಿ ಹಿಂದ ಸರಸಬಹುದು. ಹಲ್ಲು ಕೂಡ್ತಾವ, ಅಗಿಯೋದು ಸಲೀಸ ಆಗ್ತದ, ನೋವೂ ಕಡಿಮಿ ಆಗಬಹುದು. ಆದ್ರ ಕೆಳತುಟಿ ಜೋಮು ಹಿಡೀತದ. ಭಾಳ ಮಂದಿಗಿ ಸುಧಾರಸ್ತದ, ಕೆಲವರಿಗಿ ಪೂರಾ ಹೋಗಂಗಿಲ್ಲ. ಆಪರೇಶನ್ ಆದಮ್ಯಾಲ ಆರು ವಾರ ಬಾಯಿ ಬಿಚ್ಚದಂಗ ದವಡಿಗಿ ರಬ್ಬರ್ ಹಾಕ್ತೀವಿ, ಬರೇ ನೀರಿನಂಥ ಊಟ. ಗಡಿಬಿಡಿ ಇಲ್ಲ, ವಿಚಾರ ಮಾಡ್ರಿ."

"ಗ್ಯಾರಂಟಿ ಏನ್ರಿ ಡಾಕ್ಟ್ರೇ?" ಎಂದೆ ಠೀವಿಯಿಂದ.

"ನಿಮ್ ಪಾಲಿಸಿಯೊಳಗ ನೀವು ಸಾಯಂಗಿಲ್ಲ ಅಂತ ಗ್ಯಾರಂಟಿ ಕೊಡ್ತೀರೇನ್ರಿ?" ಎಂದರು ಡಾಕ್ಟರು. ನಾನು ಬಾಯಿ ಮುಚ್ಚಿದೆ. ಅಂದರೆ, ಅದು ಮುಚ್ಚುವಷ್ಟು ಮುಚ್ಚಿದೆ.

ಓಣಿಯಲ್ಲಿ ಟೇಲರ್ ಕರೀಂಭಾಯಿ ಅಭಿಪ್ರಾಯ ಕೊಟ್ಟರು. "ಸೋಚೋ ಭಾಯ್! ಉದ್ದ ಪ್ಯಾಂಟ್ ಕತ್ತರಿಸಿ ಗಿಡ್ಡ ಮಾಡ್ಲಾಕ ಬರ್ತದ. ಕತ್ತರಿಸಿದ್ದು ಮತ್ತ ಉದ್ದ ಆಗಂಗಿಲ್ಲ ನೋಡ್ರಿ." ಅವತ್ತು ನನಗೆ ಊಟ ಸೇರಲಿಲ್ಲ.

"ಈ ಮಾರಿ ನೋಡೇ ನಾ ಮದುವಿಗಿ ಹೂಂ ಅಂದೀನಿ," ಎಂದಳು ಜಗದೇವಿ ನನ್ನ ಮುಖಕ್ಕೆ ಬೆರಳು ತೋರಿಸಿ. "ಮಾರಿ ಸಲುವಾಗಿ ಆದ್ರ ಬ್ಯಾಡ್ರಿ. ನೋವು ಹೋಗ್ತದಂದ್ರ ಮಾಡಿಸ್ಕೊರಿ. ಖರೆ ಹೇಳ್ರಿ, ನಿಮಗ ಅಂಜಿಕಿ ಆಗ್ಯಾದೇನು?"

"ಛೇ! ನನಗ್ಯಾಕ ಅಂಜಿಕಿ?"

ಸುಳ್ಳು. ನನಗೆ ಜೀವವೇ ಬಾಯಿಗೆ ಬಂದಿತ್ತು. ಆದರೆ ಹೆದರುವುದು ನಮ್ಮ ವೃತ್ತಿಯಲ್ಲಿಲ್ಲ, ಹೆದರಿಸುವುದಷ್ಟೇ ಗೊತ್ತು. ಆದ್ದರಿಂದ ಶಾಸ್ತ್ರೋಕ್ತವಾಗಿ ಒಂದು ತಾಲೀಮು ನಡೆಸುವುದೆಂದು ಘೋಷಿಸಿದೆ. ಎರಡು ದಿನ ದವಡೆ ಬಿಚ್ಚುವುದಿಲ್ಲ, ಅಗಿಯುವುದಿಲ್ಲ, ಮಾತಾಡುವುದಿಲ್ಲ. ಪಾಸಾದರೆ ಆಪರೇಶನ್, ಫೇಲಾದರೆ ಇಲ್ಲ. ದವಡೆ ತಪ್ಪಿ ಬಿಚ್ಚದಿರಲೆಂದು ಬಿಳಿಯ ವಸ್ತ್ರವೊಂದನ್ನು ಗದ್ದದ ಕೆಳಗಿನಿಂದ ತಂದು ತಲೆಯ ಮೇಲೆ ಗಂಟು ಹಾಕಿಕೊಂಡೆ. ಕರೀಂಭಾಯಿಗೆ ಹೇಳಿ ಕೆಟ್ಟದ್ದೇ ಸಾಕು, ಆಪರೇಶನ್ನಿನ ಸುದ್ದಿ ಇನ್ನು ಯಾರಿಗೂ ಹೇಳಕೂಡದೆಂದು ಜಗದೇವಿಯಿಂದ ಆಣೆ ಮಾಡಿಸಿದೆ.

ಇಷ್ಟೆಲ್ಲ ಯೋಚಿಸಿದ ಈ ಮಹಾಮೇಧಾವಿ ಒಂದು ಸಂಗತಿ ಮರೆತಿದ್ದ. ಎರಡನೇ ದಿನ ಶ್ರಾವಣ ಸೋಮವಾರ. ಕಮಲಾಪುರದಲ್ಲಿ ಮಾವನವರ ಮನೆಯ ಊಟಕ್ಕೆ ಅಳಿಯ ಹೋಗಲೇಬೇಕು.

ಹೋದೆವು. ಹಣೆಯ ಮೇಲೆ ವಿಭೂತಿ, ತಲೆಗೆ ಬಿಳಿ ವಸ್ತ್ರ, ಮುಚ್ಚಿದ ಬಾಯಿ. ಹೊಸ್ತಿಲಲ್ಲೇ ಮಾವನವರು ಗಾಬರಿಯಾದರು.

"ಅಳಿಯಂದ್ರು ಯಾಕ ಮಾತಾಡವಲ್ಲರು?"

ಆಣೆಗೆ ಕಟ್ಟುಬಿದ್ದ ಜಗದೇವಿ ನನ್ನ ಮುಖ ನೋಡಿದಳು, ನೆಲ ನೋಡಿದಳು. "ಅವರು ಇವತ್ತ ಮಾತಾಡಂಗಿಲ್ರಿ ಅಪ್ಪಾ. ಊಟನೂ ಮಾಡಂಗಿಲ್ಲ. ಹಾಲು, ಬಾಳಿಹಣ್ಣು ಅಷ್ಟ."

ಒಳಗಿನಿಂದ ಹೆಂಡತಿಯ ಅಜ್ಜಿ, ನಾವೆಲ್ಲ ಆಯಿ ಎನ್ನುವವರು, ಕೋಲೂರಿಕೊಂಡು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೋಲು ಬದಿಗಿಟ್ಟು ಕೈಮುಗಿದೇಬಿಟ್ಟರು!

"ಶ್ರಾವಣದಾಗ ಮೌನ ಹಿಡದಾರೋ ಶಿವನೇ! ನಮ್ ಮನಿ ಪಾವನ ಆಯ್ತು!"

ಶ್ರಾವಣ ಬಂತೆಂದರೆ ನಮ್ಮ ಕಡೆಯ ಸ್ವಾಮಿಗಳು ಮೌನಾನುಷ್ಠಾನಕ್ಕೆ ಕೂಡುವುದು ವಾಡಿಕೆ. ಅವರನ್ನು ಯಾರೂ ಮಾತಾಡಿಸುವುದಿಲ್ಲ, ದರ್ಶನ ಪಡೆದು ನಮಸ್ಕರಿಸುತ್ತಾರೆ. ನಾನು ಅಲ್ಲ ಅಲ್ಲವೆಂದು ತಲೆ ಅಲ್ಲಾಡಿಸಿದೆ. "ನೋಡ್ರಿ, ಎಷ್ಟು ನಮ್ರತಾ!" ಎಂದರು ಮಾವನವರು. ನನ್ನನ್ನು ಎತ್ತರದ ಮಣೆಯ ಮೇಲೆ ಕೂರಿಸಿದರು. ಓಣಿಯ ಜನ ಬಂದರು. ಪಕ್ಕದ ಓಣಿಯವರೂ ಬಂದರು. ಭಜನೆಯವರು ತಾಳದೊಂದಿಗೇ ಬಂದರು.

ಪಾಲಿಸಿ ಕಾಗದ ಹಿಡಿದು ನಾನು ಬಂದಾಗಲೆಲ್ಲ ಹಿತ್ತಲ ಬಾಗಿಲಿನಿಂದ ಪರಾರಿಯಾಗುತ್ತಿದ್ದ ಜನ ಈಗ ತಲಬಾಗಿಲಲ್ಲಿ ಪಾಳಿ ಹಚ್ಚಿದ್ದರು! ಇಷ್ಟು ವರ್ಷ ಮಾತಾಡಿ ಗಳಿಸಲಾಗದ ನಂಬಿಕೆಯನ್ನು ಒಂದೇ ಮುಂಜಾನೆ ಬಾಯಿಮುಚ್ಚಿ ಗಳಿಸಿದ್ದೆ. ನೆರೆಮನೆಯ ಸುಗಲಾಬಾಯಿಯವರು ಕಾಲಿಗೆ ಬಿದ್ದು, "ನಮ್ ಮಗಳಿಗಿ ನೌಕರಿ ಆಗ್ತದೇನ್ರಿ?" ಎಂದರು. ಅದೇ ಹೊತ್ತಿಗೆ ಕೀಲು ಚುಳ್ಳೆಂದು ಹಿಡಿದದ್ದರಿಂದ ಕೆನ್ನೆ ಹಿಡಿದುಕೊಂಡು ಕಣ್ಣುಮುಚ್ಚಿದೆ. ನೋವಿಗೆ ತಲೆ ತಾನಾಗಿ ಕೆಳಗೆ ಬಾಗಿತು. "ಹೂಂ ಅಂದ್ರು!" ಎಂದು ಆಕೆ ಅತ್ತೇಬಿಟ್ಟರು.

ಮಧ್ಯಾಹ್ನವಾಯಿತು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಹಾಲಿನಲ್ಲಿ ತೆಳ್ಳಗೆ ಕಿವುಚಿದ ಸೀಕರಣೆ ಒಂದಾದ ಮೇಲೊಂದು ಲೋಟದಲ್ಲಿ ಬಂತು. ಎಷ್ಟೇ ರುಚಿಯಾದರೂ ಎರಡು ದಿನ ಅಗಿಯದ ಹಲ್ಲಿಗೆ ಸೀಕರಣೆ ಯಾವ ಲೆಕ್ಕ? ಒಳಗಿಂದ ಮಿರ್ಚಿ ಭಜಿಯ ವಾಸನೆ. ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ವಾಸನೆ. ಭಕ್ತರೆಲ್ಲ ಕಣ್ಣುಮುಚ್ಚಿ ಭಜನೆಯಲ್ಲಿದ್ದಾಗ ಈ ಸ್ವಾಮಿಗಳು ಮೆಲ್ಲಗೆದ್ದು ಸಾಮಾನಿನ ಕೋಣೆ ಸೇರಿದರು. ಬುಟ್ಟಿಯ ತುಂಬ ಖಡಕ್ ರೊಟ್ಟಿ! ಗಂಟು ಬಿಚ್ಚಿದೆ, ಇಡೀ ರೊಟ್ಟಿಯ ಮೇಲೆ ಹಿಂಡಿ ಸುರುವಿ, ಬದಿಯ ಹಲ್ಲಿಗೆ ಕೊಟ್ಟು ಕಡಿದೆ.

ಕಟಂ!

ಹೊರಗೆ ಭಜನೆ ನಿಂತಿತು. ಖಡಕ್ ರೊಟ್ಟಿಯ ಸದ್ದು ಯಾವುದೆಂದು ನಮ್ಮವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಬಾಗಿಲು ತೆರೆಯಿತು. ಕೈಯಲ್ಲಿ ಹಾಲಿನ ಲೋಟ ಹಿಡಿದ ಮಾವನವರು, ಅವರ ಹಿಂದೆ ಆಯಿ, ಆಯಿಯ ಹಿಂದೆ ಕಮಲಾಪುರ.

ಎಲ್ಲವನ್ನೂ ವಿವರಿಸೋಣವೆಂದು ಬಾಯಿ ತೆರೆದೆ. ಗಾಬರಿಯಲ್ಲಿ ದೊಡ್ಡದಾಗಿಯೇ ತೆರೆದೆ. ಕೀಲು ಟಕ್ ಎಂದಿತು. ತೆರೆದ ಬಾಯಿ ಮತ್ತೆ ಮುಚ್ಚಲೇ ಇಲ್ಲ!

"ಆ... ಆ..." ಎಂದೆ.

"ಮೌನ ಮುರದ್ರ ಹಿಂಗೇ ಆಗ್ತದ!" ಎಂದರು ಆಯಿ.

ಭಾವಮೈದುನನ ಕಾರಿನಲ್ಲಿ, ತೆರೆದ ಬಾಯಿಯ ಮೇಲೆ ಟವೆಲ್ ಹೊದ್ದು, ಜೊಲ್ಲು ಸುರಿಸುತ್ತ ಕಲಬುರಗಿಗೆ ಬಂದೆ. ದಾರಿಯುದ್ದಕ್ಕೂ ಜಗದೇವಿ ನನ್ನ ಕೈ ಬಿಡಲಿಲ್ಲ. ಒಮ್ಮೆ ಅಳುತ್ತಿದ್ದಳು, ಟವೆಲ್ ಜಾರಿದಾಗ ನಗುತ್ತಿದ್ದಳು. "ಮಾರಿ ಹ್ಯಾಂಗರ ಇರ್ಲಿ ಶಿವನೇ, ಈ ಬಾಯೊಂದು ಮುಚ್ಚಿಸು!" ಎಂದು ಬೇಡಿಕೊಂಡಳು. ಆ ದೀನ ದನಿ ಕೇಳಿ ನನಗೂ ಕಣ್ಣು ತುಂಬಿತು.

ಡಾಕ್ಟರು ಎರಡೂ ಹೆಬ್ಬೆರಳು ಬಾಯೊಳಗೆ ಇಟ್ಟು ಕೆಳಕ್ಕೊತ್ತಿ ಹಿಂದಕ್ಕೆ ತಳ್ಳಿದರು. ಟಕ್! ದವಡೆ ಮನೆ ಸೇರಿತು. ನನ್ನ ಬಾಯಿಂದ ಬಂದ ಮೊದಲ ಮಾತು, "ಡಾಕ್ಟ್ರೇ, ನನಗ ಭಾಳ ಅಂಜಿಕಿ ಆಗ್ಯಾದ್ರಿ."

"ನನಗೂ," ಎಂದಳು ಜಗದೇವಿ.

"ಇದನ್ನ ಆವತ್ತೇ ಹೇಳಿದ್ರ ಒಂದು ರೊಟ್ಟಿ ಉಳೀತಿತ್ತು," ಎಂದು ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಜಗದೇವಿ ಕೇಳಿದಳು, ಕೇಳಿದಳು, ಕೇಳುತ್ತಲೇ ಇದ್ದಳು. ಜೋಮು ಹೋಗದಿದ್ದರೆ ಹೇಗೆ, ಬಿಸಿ ಚಹಾ ಕುಡಿದರೆ ತುಟಿಗೆ ಗೊತ್ತಾಗುತ್ತದೆಯೇ, ಆಪರೇಶನ್ ಮಾಡಿಸದಿದ್ದರೆ ನೋವು ಹೆಚ್ಚುತ್ತದೆಯೇ. ನನಗೆ ಹೊಳೆಯದ ಪ್ರಶ್ನೆಗಳೇ ಎಲ್ಲ. ಡಾಕ್ಟರು ಗೊತ್ತಿದ್ದನ್ನು ಹೇಳಿದರು, ಹೇಳಲು ಬಾರದ್ದನ್ನು ಬಾರದು ಎಂದರು. ಮಾಡಿಸುವುದೆಂದು ಇಬ್ಬರೂ ಕೂಡಿ ಒಪ್ಪಿದೆವು. ಮೊದಲು ಹಲ್ಲಿಗೆ ತಂತಿ, ಆಪರೇಶನ್ ಮುಂದಿನ ವರ್ಷ.

ಈಗ ತಂತಿ ಹಾಕಿದ್ದಾರೆ. ಜಗದೇವಿ ತವರಿಗೆ ನಿಜ ಸಂಗತಿ ತಿಳಿಸಿದ್ದಾಳೆ. ಆಯಿಯ ಕಿವಿಗೆ ಹೊಕ್ಕದ್ದು ಮಾತ್ರ ಇಷ್ಟೇ: ಮುಂದಿನ ವರ್ಷ ಆರು ವಾರ ಬಾಯಿ ಬಂದ್, ಹಾಲು-ಹಣ್ಣು. "ಅರ್ಧಕ್ಕ ಬಿಟ್ಟಿದ್ದು ಪೂರಾ ಮಾಡ್ಲಕತ್ತಾರ!" ಎಂದು ಈಗಲೇ ಮಣೆ ತೊಳೆಸಿಟ್ಟಿದ್ದಾರಂತೆ. ಸಾಲದ್ದಕ್ಕೆ ಸುಗಲಾಬಾಯಿಯವರ ಮಗಳಿಗೆ ನೌಕರಿಯೂ ಸಿಕ್ಕಿಬಿಟ್ಟಿದೆ!

ಇದೇ ಸಮಯವೆಂದು ಮೊನ್ನೆ ಪಾಲಿಸಿ ಕಾಗದ ಹಿಡಿದು ಅವರ ಮನೆಗೆ ಹೋದೆ. ಜೀವನದ ಅನಿಶ್ಚಿತತೆಯ ಬಗ್ಗೆ ಆರಂಭಿಸುವಷ್ಟರಲ್ಲಿ ಅವರು ಭಕ್ತಿಯಿಂದ ಕೈಮುಗಿದು ತಡೆದರು.

"ಈಗ ಬ್ಯಾಡ್ರಿ ಸಾಹೇಬ್ರೇ. ನಿಮ್ ಬಾಯಿ ಬಂದ್ ಆದಮ್ಯಾಲ ಬರ್ರಿ. ಎಲ್ಲಿ ಅಂತೀರಿ ಅಲ್ಲಿ ಸಹಿ ಮಾಡ್ತೀನಿ."

ಆಪರೇಶನ್ನಿನ ಈ ಒಂದು ಲಾಭವನ್ನು ಡಾಕ್ಟರು ನನಗೆ ಹೇಳಿರಲಿಲ್ಲ!